ಬಿಳಿಕಣಗಳೂ ನೋಡಲು ಬರುವವರೂ

ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಟೀಚರ್. ನಾನು ಸೀಟಿ ಊದಿದರೆ ಮೈದಾನದಾಚೆ ಹೆದ್ದಾರಿಯಲ್ಲಿ ಹೋಗುವ ಕೇರಳದ ಲಾರಿಯವನೂ ಬ್ರೇಕಿನ ಮೇಲೆ ಕಾಲಿಡುತ್ತಾನೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತೇನೆ. ಇಂಥವಳಿಗೆ ಒಂದು ಬೆಳಿಗ್ಗೆ ಎದ್ದಾಗ ಹಲ್ಲುಜ್ಜುವ ಬ್ರಷ್ಷು ಹಿಡಿಯಲು ಆಗಲಿಲ್ಲ. ಬೆರಳಿನ ಗಿಣ್ಣುಗಳು ಬಾತುಕೊಂಡು ಹಸಿ ಶುಂಠಿಯಂತಾಗಿದ್ದವು. ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಹುಟ್ಟಿದಾಗಿನಿಂದ ಹೇಳಿದ ಹಾಗೆ ಕೇಳಿಕೊಂಡಿದ್ದ ಮೈ ಹೀಗೆ ಎದುರು ನಿಂತರೆ ಸಿಟ್ಟು ಬಾರದೆ ಇನ್ನೇನು?

ವಾಯು ಎಂದರು ಕೆಲವರು. ಆಲೂಗಡ್ಡೆ ಬಿಡು ಎಂದರು. ಬಿಟ್ಟೆ. ಎಣ್ಣೆ ಹಚ್ಚು ಎಂದರು. ಹಚ್ಚಿದೆ. ಕೊನೆಗೆ ಮಂಡಿಯೂ ಬಾತು, ಮಕ್ಕಳ ಮುಂದೆ ಕುರ್ಚಿಯಲ್ಲಿ ಕೂತು ಕವಾಯತು ಮಾಡಿಸುವ ಗತಿ ಬಂದಾಗ ಚಾಮರಾಜನಗರಕ್ಕೆ ಹೋಗಿ ಒಬ್ಬ ಡಾಕ್ಟರನ್ನು ಕಂಡೆ. ಚಿಕ್ಕ ವಯಸ್ಸಿನ ಹೆಂಗಸು, ಆತುರವಿಲ್ಲದೆ ಮಾತಾಡುವವಳು.

“ಟೀಚರ್, ನಮ್ಮ ರಕ್ತದಲ್ಲಿ ಬಿಳಿಕಣ ಅಂತ ಇರ್ತವೆ,” ಎಂದಳು. “ಎಲ್ಲಾದ್ರೂ ಗಾಯ ಆದ್ರೆ, ರೋಗಾಣು ನುಗ್ಗಿದ್ರೆ, ಅಲ್ಲಿಗೆ ಹೋಗ್ತವೆ. ಊರಲ್ಲಿ ಯಾರಿಗೋ ಹುಷಾರಿಲ್ಲ ಅಂದ್ರೆ ಜನ ಹೋಗಲ್ವಾ, ಹಾಗೆ. ಕೆಂಪಾಗೋದು, ಊದಿಕೊಳ್ಳೋದು, ಬಿಸಿಯಾಗೋದು, ಇವೆಲ್ಲ ಅವು ಬಂದಿವೆ ಅನ್ನೋ ಗುರುತು. ನಿಮ್ಮ ಮೈಯಲ್ಲಿ ಅವು ಗಾಯವೇ ಇಲ್ಲದ ಕೀಲಿಗೆ ಹೋಗಿ ಗುಂಪು ಕಟ್ಟಿಕೊಂಡಿವೆ. ಕೀಲಿನ ಒಳಪದರವನ್ನೇ ಹೊರಗಿನದು ಅಂದ್ಕೊಂಡು ಕೆಡಿಸ್ತಿವೆ.”

“ಯಾಕೆ ಹಾಗೆ ಅಂದ್ಕೊಂಡವು?” ಎಂದೆ.

“ಅದು ಇನ್ನೂ ಪೂರ್ತಿ ಯಾರಿಗೂ ಗೊತ್ತಿಲ್ಲ.”

ಗೊತ್ತಿಲ್ಲ ಎನ್ನುವ ಡಾಕ್ಟರ್ ಸಿಕ್ಕಿದ್ದು ಅದೇ ಮೊದಲು. ನಂಬಿಕೆ ಬಂತು. ಆ ಕಣಗಳ ಹಾವಳಿ ತಗ್ಗಿಸಲು ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದಳು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದಳು, ದಿನಾ ನಡೆಯಬೇಕು ಎಂದಳು. ಮಂಡಿ ನೋಯುವವಳಿಗೆ ನಡೆ ಎನ್ನುತ್ತಾಳಲ್ಲ ಎಂದು ನಾನು ದುರುಗುಟ್ಟಿದೆ. ಅವಳು ನಕ್ಕು ವಿವರಿಸಿದಳು. ನಾವು ಸುಮ್ಮನೆ ಕೂತಾಗ ಎಷ್ಟೋ ಬಿಳಿಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು, ಹೊಟ್ಟೆಯ ಎಡಕ್ಕಿರುವ ಗುಲ್ಮದಲ್ಲಿ ಸೇರಿಕೊಂಡು ಇರುತ್ತವಂತೆ. ಚುರುಕಾಗಿ ನಡೆದರೆ ಗುಂಡಿಗೆಯ ಬಡಿತ ಏರಿ ಅವು ಬಿಡಿಸಿಕೊಂಡು ರಕ್ತದಲ್ಲಿ ಓಡಾಡುತ್ತವೆ. ನಡಿಗೆ ನಿಲ್ಲಿಸಿದ ಮೇಲೆ ಶ್ವಾಸಕೋಶ, ಕರುಳು ಎಂದು ಚದುರಿ ಎಲ್ಲಿ ಏನಾಗಿದೆ ನೋಡುತ್ತವೆ. ದಿನಾ ಹೀಗೆ ಮಾಡಿಸಿದರೆ ಮೈಯೊಳಗಿನ ಉರಿಯೂತವೂ ನಿಧಾನಕ್ಕೆ ತಗ್ಗುತ್ತದೆ. “ಆದ್ರೆ ಪಂದ್ಯಕ್ಕೆ ಬಿದ್ದ ಹಾಗೆ ಓಡಬೇಡಿ,” ಎಂದಳು, ನನ್ನ ಕೆಲಸ ಏನೆಂದು ನೆನಪಾಗಿ.

ನಡೆಯಲು ಜೊತೆಗೆ ಒಬ್ಬಳಿದ್ದಳು, ಪಕ್ಕದ ಮನೆಯವಳು. ನಮ್ಮದು ಒಂದೇ ಸಾಲಿನ ಬಾಡಿಗೆ ಮನೆಗಳು, ನಡುವೆ ಒಂದೇ ಗೋಡೆ. ಅವಳು ಬೇಗೂರಿನವಳು, ನನಗಿಂತ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ನಮ್ಮ ಶಾಲೆಯಲ್ಲೇ ಬಿಸಿಯೂಟದ ಅಡುಗೆಗೆ ಸೇರಿದ್ದಳು. ಒಬ್ಬಳೇ ಮಗಳನ್ನು ಚಾಮರಾಜನಗರಕ್ಕೆ ಕೊಟ್ಟಿದ್ದಳು. ಬೆಳಿಗ್ಗೆ ಶಾಲೆಯ ಒಲೆ ಹಚ್ಚುವ ಮುಂಚೆ ನನ್ನ ಜೊತೆ ಊಟಿ ರಸ್ತೆಯಲ್ಲಿ ನಡೆಯಲು ಬರುತ್ತಿದ್ದಳು. ಬಿಳಿಕಣದ ಸಂಗತಿ ಹೇಳಿದಾಗ ರಸ್ತೆಯಲ್ಲೇ ನಿಂತು ನಕ್ಕಳು.

“ಅಂಗಾರೆ ಅವುಕ್ಕೂ ಡ್ರಿಲ್ ಮಾಡುಸ್ತಾ ಇದ್ದೀಯ ಅನ್ನು. ಅಲ್ಲ ಕಣಕ್ಕ, ಇಸ್ಕೂಲ್ ಐಕಳು ಸಾಲ್ದು ಅಂತ ಮೈಯೊಳಗಿರೋವುನ್ನೂ ಬುಡ್ಲಿಲ್ವಲ್ಲ ನೀನು!”

ಗೋಡೆ ತೆಳ್ಳಗಿತ್ತು. ಅವಳ ಮನೆಯಲ್ಲಿ ಸಾಸಿವೆ ಸಿಡಿದರೆ ನನಗೆ ಕೇಳುತ್ತಿತ್ತು, ನಾನು ಸೀನಿದರೆ ಅವಳು ಅಲ್ಲಿಂದಲೇ ‘ಚಿರಂಜೀವಿ’ ಎನ್ನುತ್ತಿದ್ದಳು. ಇಬ್ಬರು ಒಂಟಿ ಹೆಂಗಸರಿಗೆ ಅದಕ್ಕಿಂತ ಹೆಚ್ಚಿನ ಸಂಸಾರ ಬೇಕಿರಲಿಲ್ಲ. ಆ ವರ್ಷ ಅವಳ ಮಗಳು ಬಸುರಿಯಾದಳು. ಚೊಚ್ಚಲು, ಬಾಣಂತನ ತಾಯಿಯ ಮನೆಯಲ್ಲೇ ಆಗಬೇಕು. ನಾವಿಬ್ಬರೂ ಸೇರಿ ಅವಳ ಒಳಕೋಣೆಗೆ ಸುಣ್ಣ ಹೊಡೆದೆವು. ನನ್ನ ಕೈ ನೋವಿಗೆ ನಾನು ಹೊಡೆದದ್ದು ಒಂದು ಮೂಲೆ ಮಾತ್ರ. “ಮಗೂನ ಮದ್ಲು ನಿನ್ ಕೈಗೇ ಕೊಡ್ತೀನಿ ಕಣಕ್ಕ,” ಎಂದಿದ್ದಳು. ನಾನು ‘ಆಯ್ತು ಬುಡು’ ಎಂದು ಉಡಾಫೆಯಲ್ಲಿ ಹೇಳಿದೆನಾದರೂ ಅಂದಿನಿಂದ ನನಗೆ ಅದೇ ಧ್ಯಾನವಾಯಿತು. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಗೊತ್ತೇ ಹೊರತು ಎತ್ತಿಕೊಂಡು ಗೊತ್ತಿರಲಿಲ್ಲ.

ಮಾತ್ರೆ ಕೆಲಸ ಮಾಡಿತು. ಬಾವು ಇಳಿಯಿತು. ಮತ್ತೆ ನಿಂತುಕೊಂಡೇ ಸೀಟಿ ಊದಿದೆ. ಆಮೇಲೆ ಒಂದು ದಿನ ಬಾಯಿ ತುಂಬ ಹುಣ್ಣಾಯಿತು, ಚಳಿಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಬಿಳಿಕಣಗಳು ಪಾತಾಳಕ್ಕೆ ಇಳಿದಿದ್ದವು. ಅವುಗಳ ಹಾವಳಿ ತಗ್ಗಿಸಲು ಕೊಟ್ಟ ಮಾತ್ರೆ ಅವುಗಳನ್ನೇ ಇಲ್ಲವಾಗಿಸಿತ್ತು. ಅಪರೂಪಕ್ಕೆ ಕೆಲವರಿಗೆ ಹೀಗಾಗುತ್ತದಂತೆ. ಮೈಸೂರಿನಲ್ಲಿ ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಮಾತ್ರೆ ನಿಲ್ಲಿಸಿ, ಜ್ವರ ಇಳಿದ ಮೇಲೆ ಮನೆಗೆ ಕಳಿಸಿದರು. ಚಾಮರಾಜನಗರದ ಡಾಕ್ಟರ್ ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದಳು. ಚೆನ್ನಾಗಿ ಬೇಯಿಸಿದ ಬಿಸಿ ಊಟ ಮಾತ್ರ ತಿನ್ನಬೇಕು, ಮನೆಯೊಳಗೆ ಹೂವು ಬೇಡ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬಾರದು. “ಈಗ ನಿಮಗೆ ಗಾಯ ಆದ್ರೆ ಸರಿಯಾಗಿ ಕೆಂಪಾಗೋದೂ ಇಲ್ಲ, ಕೀವೂ ಕಟ್ಟಲ್ಲ. ಅಲ್ಲಿಗೆ ಬರೋಕೆ ಯಾರೂ ಇಲ್ಲ ಟೀಚರ್,” ಎಂದಳು.

ಆರೈಕೆಗೆ ಉಮ್ಮತ್ತೂರಿನಿಂದ ನನ್ನ ಅಕ್ಕ ಬಂದಳು. ಕೂಲಿ ಮಾಡಿ ಗಟ್ಟಿಯಾದವಳು, ಓದಿದವಳಲ್ಲ, ನನ್ನನ್ನು ಇಂದಿಗೂ ‘ಅಮ್ಮಿ’ ಎಂದೇ ಕರೆಯುವವಳು. ಡಾಕ್ಟರ್ ಹೇಳಿದ್ದನ್ನೆಲ್ಲ ಅವಳಿಗೆ ಒಪ್ಪಿಸಿದೆ. ಕೈ ತೊಳೆಯುವುದು, ಪಾತ್ರೆ ಬಿಸಿನೀರಿನಲ್ಲಿ ಅದ್ದುವುದು, ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು. ಜನರನ್ನು ತಡೆಯುವುದೊಂದೇ ಆಗಲಿಲ್ಲ.

ನಮ್ಮ ಕಡೆ ಮದುವೆಗೆ ಹೋಗದಿದ್ದರೆ ನಡೆಯುತ್ತದೆ. ಹುಷಾರಿಲ್ಲದವರನ್ನು ನೋಡಲು ಹೋಗದಿದ್ದರೆ ಅದನ್ನು ಮೂರು ತಲೆಮಾರು ಎತ್ತಿ ಆಡುತ್ತಾರೆ. ಬ್ರೆಡ್ಡು, ಮೂಸಂಬಿ, ಎಳನೀರು ಹಿಡಿದು ಬಂದರು. ಹಾಸಿಗೆಯ ತಲೆದೆಸೆಯಲ್ಲಿ ಕೂತು ಕೈ ಹಿಡಿದುಕೊಂಡರು, ಮುಖದ ಹತ್ತಿರ ಬಗ್ಗಿ ‘ಎಷ್ಟ್ ಸೊರಗ್ಬುಟ್ಟೆ’ ಎಂದರು. ನನ್ನ ಹಾಗೇ ಆಗಿ ಸತ್ತ ತಮ್ಮ ನೆಂಟರ ಕತೆ ಹೇಳಿ ಧೈರ್ಯ ತುಂಬಿದರು. ಈರುಳ್ಳಿ ಮಂಡಿಯ ಒಬ್ಬರು ನಡುನಡುವೆ ಕೆಮ್ಮುತ್ತ ಮಧ್ಯಾಹ್ನವೆಲ್ಲ ಕೂತರು. ಅಕ್ಕ ಬಾಗಿಲಲ್ಲಿ ನಿಂತು “ಡಾಕ್ಟ್ರು ಬ್ಯಾಡ ಅಂದವ್ರೆ,” ಎಂದರೆ, “ಡಾಕ್ಟ್ರು ಅಂಗೇ ಅಂತರೆ ಬುಡವ್ವ. ನಾವೇನ್ ಹೊರ್ಗಿನೋರಾ?” ಎಂದು ಒಳಗೆ ಬರುತ್ತಿದ್ದರು. ಪಕ್ಕದವಳೂ ಬಂದಳು. ಅವಳೊಬ್ಬಳೇ ಹೊಸ್ತಿಲ ಹತ್ತಿರ ನಿಂತು ಮಾತಾಡಿಸಿ ಹೋದಳು. ವಾರ ಕಳೆಯುವುದರೊಳಗೆ ಜ್ವರ ಮತ್ತೆ ಏರಿತು.

ಆಮೇಲೆ, ಇದ್ದಕ್ಕಿದ್ದ ಹಾಗೆ, ಯಾರೂ ಬರಲಿಲ್ಲ.

ಒಂದು ದಿನ ಬರಲಿಲ್ಲ, ಸಮಾಧಾನವಾಯಿತು. ಮರುದಿನವೂ ಇಲ್ಲ. ಬೀದಿಯಲ್ಲಿ ಮಾತಾಡುತ್ತ ಬಂದವರು ನಮ್ಮ ಬಾಗಿಲ ಹತ್ತಿರ ದನಿ ತಗ್ಗಿಸಿ ದಾಟಿ ಹೋಗುವುದು ಒಳಗಿನ ಕೋಣೆಗೆ ಕೇಳುತ್ತಿತ್ತು. ಯಾರೂ ಹೆಸರು ಕೂಗಲಿಲ್ಲ, ಹಾಲಿನವಳು ಕೂಡ. ಅಕ್ಕನನ್ನು ಕೇಳಿದರೆ, “ಎಲ್ರುಗೂ ಅವ್ರವ್ರ ಕೆಲ್ಸ ಇರ್ತದೆ ಕಣಮ್ಮಿ, ಮನಿಕೋ,” ಎನ್ನುತ್ತಿದ್ದಳು. ಬರಬೇಡಿ ಎಂದವಳು ನಾನೇ. ಆದರೆ ಬರಬೇಡಿ ಎಂದಾಗ ಜನ ಸ್ವಲ್ಪವಾದರೂ ಹಟ ಮಾಡಬೇಕು ಎಂದು ಮನಸ್ಸಿನ ಒಳಗೆ ಇರುತ್ತದೆ. ಇವರು ಇಷ್ಟು ಬೇಗ ಒಪ್ಪಿಕೊಂಡರಲ್ಲ ಎನ್ನಿಸಿತು.

ಗೋಡೆಯ ಆಚೆ ಇನ್ನೂ ವಿಚಿತ್ರ. ಪಾತ್ರೆ ಸದ್ದಾಗುತ್ತಿತ್ತು, ನೀರು ಸುರಿಯುತ್ತಿತ್ತು, ಒಗ್ಗರಣೆಯ ಸದ್ದು ಮಾತ್ರ ಇಲ್ಲ. ನಾನು ಸೀನಿದರೆ ಮೌನ. ಅವಳು ಅಲ್ಲೇ ಇದ್ದಾಳೆ, ಅಡುಗೆ ಮಾಡುತ್ತಿದ್ದಾಳೆ, ನನ್ನ ಜೊತೆ ಮಾತಾಡುವುದಿಲ್ಲ. ನನಗೆ ಆದದ್ದು ಅಂಟುರೋಗ ಎಂದು ಯಾರೋ ಹೇಳಿರಬೇಕು, ಬಸುರಿ ಮಗಳು ಬರುವವಳಿದ್ದಾಳೆ, ಹೆದರಿದ್ದಾಳೆ ಎಂದುಕೊಂಡೆ. ಹೆದರಲಿ, ಆದರೆ ಗೋಡೆಗೂ ಹೆದರಬೇಕೆ? ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅಳು ಬಂತು. ಅಕ್ಕನಿಗೆ ಕಾಣದ ಹಾಗೆ ಗೋಡೆಯ ಕಡೆ ತಿರುಗಿ ಅತ್ತೆ. ಹಾಗೆ ತಿರುಗಿದರೆ ಅವಳ ಕಡೆಗೇ ತಿರುಗಿದ ಹಾಗೆ ಎಂದು ಹೊಳೆದು ಮತ್ತೆ ಈ ಕಡೆ ಹೊರಳಿದೆ. ನಲವತ್ತು ದಾಟಿದ ಮೇಲೆ ಇಷ್ಟು ಚಿಕ್ಕ ಮಗುವಾಗಬಹುದು ಎಂದು ನನಗೆ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಬಿಳಿಕಣಗಳ ಬಗ್ಗೆಯೇ ಯೋಚಿಸುತ್ತಿದ್ದೆ, ಬೇರೆ ಯೋಚಿಸಲು ಯಾರಿದ್ದರು? ಅವುಗಳಲ್ಲಿ ಅತಿ ಹೆಚ್ಚು ಸಂಖ್ಯೆಯವು ರಕ್ತದಲ್ಲಿ ಒಂದು ದಿನ ಬದುಕಿದರೆ ಹೆಚ್ಚು ಎಂದು ಡಾಕ್ಟರ್ ಹೇಳಿದ್ದಳು. ಮೂಳೆಯೊಳಗಿನ ಮಜ್ಜೆಯಲ್ಲಿ ದಿನವೂ ಹೊಸದಾಗಿ ಹುಟ್ಟಿ ಬರಬೇಕು. ಅಂದರೆ ನಿನ್ನೆ ನನ್ನನ್ನು ಕಾದವು ಇವತ್ತು ಇಲ್ಲ, ಇವತ್ತಿನವಕ್ಕೆ ನಿನ್ನೆಯ ನಾನು ಗೊತ್ತಿಲ್ಲ. ಆದರೂ ಗಾಯವಾದ ಕಡೆ ಹೋಗುತ್ತವೆ. ಅಕ್ಕ ಮೊಣಕಾಲಿನ ಕೆಳಗೆ ನೀವುವಾಗ ಅಲ್ಲೇನಾದರೂ ಹುಟ್ಟುತ್ತಿದೆಯೇ ಎಂದು ಸುಮ್ಮನೆ ಗಮನ ಕೊಡುತ್ತಿದ್ದೆ. ಏನೂ ತಿಳಿಯುತ್ತಿರಲಿಲ್ಲ. ಮೈಯೊಳಗೆ ಆಗುವುದು ಒಳ್ಳೆಯದಾಗಲಿ ಕೆಟ್ಟದ್ದಾಗಲಿ ನಮ್ಮನ್ನು ಕೇಳಿ ಆಗುವುದಿಲ್ಲ.

ಒಂದು ದಿನ ಗೋಡೆಯಾಚೆ ಪಾತ್ರೆಯ ಸದ್ದೂ ನಿಂತಿತು.

ಡಾಕ್ಟರ್ ಫೋನಿನಲ್ಲಿ ಹೇಳಿದ ಔಷಧಿಗೆ ಜ್ವರ ಇಳಿಯಿತು. ಅಕ್ಕ ಹಿತ್ತಲ ಕಡೆಯಿಂದ ಕರೆತರುತ್ತಿದ್ದ ನರ್ಸ್ ತೆಗೆದ ರಕ್ತದಲ್ಲಿ ಕಡೆಗೆ ಕಣಗಳು ಏರತೊಡಗಿದವು. ಮನೆಯ ಮುಂದೆ ಒಂದಿಷ್ಟು ಓಡಾಡಬಹುದು ಎಂದು ಡಾಕ್ಟರ್ ಹೇಳಿದ ದಿನ, ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನಾನೇ ಹೋಗಿ ಬೀದಿ ಬಾಗಿಲು ತೆಗೆದೆ. ಬಾಗಿಲ ಮೇಲೆ ಬೇವಿನ ಸೊಪ್ಪು ಕಟ್ಟಿತ್ತು. ಒಣಗಿದ ಹಳೆಯ ಗೊಂಚಲಿನ ಮೇಲೆ ಹಸಿಯದೂ ಇತ್ತು. ಯಾರೋ ತಪ್ಪದೆ ಹೊಸದು ಕಟ್ಟುತ್ತಿದ್ದರು.

ನಮ್ಮಲ್ಲಿ ಸೀತಾಳೆ ಸಿಡುಬು ಬಂದರೆ ‘ಅಮ್ಮ ಆಗಿದೆ’ ಎನ್ನುತ್ತಾರೆ, ಮಾರಮ್ಮನೇ ಮನೆಗೆ ಬಂದ ಹಾಗೆ. ಬಾಗಿಲಿಗೆ ಬೇವು ಕಟ್ಟಿದರೆ ಆಯಿತು, ಯಾರೂ ಒಳಗೆ ಕಾಲಿಡುವುದಿಲ್ಲ, ರೋಗಿಯ ಹೆಸರು ಕೂಗುವುದಿಲ್ಲ, ಆ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಮಾಂಸ ಬೇಯಿಸುವುದಿಲ್ಲ. ಭಯಭಕ್ತಿಯ ನೆರೆಯವರಾದರೆ ಅವರೂ ಒಗ್ಗರಣೆ ಬಿಡುತ್ತಾರೆ, ತಲೆ ಬಾಚುವುದಿಲ್ಲ. ಅಮ್ಮನಿಗೆ ಆ ಘಾಟು ಆಗುವುದಿಲ್ಲ.

“ಅಕ್ಕ!” ಎಂದು ಮೈದಾನದ ದನಿಯಲ್ಲಿ ಕೂಗಿದೆ. ಅವಳು ಸೋಪಿನ ಕೈಯಲ್ಲೇ ಓಡಿ ಬಂದಳು.

“ಯಾರಿಗೆ ಅಮ್ಮ ಆಗಿರೋದು?”

“ನಿಂಗೆ ಕಣಮ್ಮಿ,” ಎಂದಳು, ನನಗೆ ಗೊತ್ತಿಲ್ಲದ ಸಂಗತಿ ಹೇಳುವವಳ ಹಾಗೆ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, “ಇನ್ನೇನ್ ಮಾಡ್ಲಿ? ಡಾಕ್ಟ್ರು ಬ್ಯಾಡ ಅಂದವ್ರೆ ಅಂದ್ರೆ ನನ್ನ ತಳ್ಕಂಡೇ ಒಳೀಕ್ ಬತ್ತಿದ್ರು. ಜೋರ್ ಮಾಡಿದ್ರೆ ಬೇಜಾರ್ ಮಾಡ್ಕತಾರೆ. ಅಮ್ಮ ಬ್ಯಾಡ ಅಂದವ್ಳೆ ಅಂದ್ರೆ ಕೈ ಮುಗ್ದು ಓಯ್ತಾರೆ. ನೀನ್ ಉಳೀಬೇಕಿತ್ತು, ಕಟ್ಬುಟ್ಟೆ,” ಎಂದಳು.

ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ಎಷ್ಟು ದಿನದ ಮೇಲೆ ಬಂದ ನಗು! ಊರು ನನ್ನನ್ನು ಬಿಟ್ಟಿರಲಿಲ್ಲ. ಗೋಡೆಯಾಚೆಯವಳು ನನಗಾಗಿ ಸಪ್ಪೆ ತಿಂದುಕೊಂಡಿದ್ದಳು. ಅದನ್ನು ಸಿಟ್ಟಿನಿಂದ ಕೇಳಿಸಿಕೊಂಡು ಮಲಗಿದ್ದೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಅಕ್ಕ ಮಾತ್ರ ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಒಳಗೊಳಗೇ ನಡುಗುತ್ತಿದ್ದಳು. ಮಾರಮ್ಮನ ಗುಡಿಗೆ ಹೋಗಿ ಮೊಸರನ್ನದ ತಳಿಗೆ ಒಪ್ಪಿಸಿ, ಕೆನ್ನೆ ಕೆನ್ನೆ ಬಡಿದುಕೊಂಡು ಬಂದಳು. ನನ್ನ ತಲೆಗೆ ಬೇವಿನ ನೀರು ಹುಯ್ದು, ಅಮ್ಮ ಇಳಿದಳು ಎಂದು ಬೀದಿಗೆ ತಿಳಿಸಿದಳು. ಸಂಜೆಗೇ ಜನ ಬಂದರು. ನಾನು ಮಾಸ್ಕ್ ಹಾಕಿಕೊಂಡು ದೂರದಲ್ಲಿ ಕೂತು ಎಲ್ಲರ ಜೊತೆ ಮಾತಾಡಿದೆ. ಮುಖದಲ್ಲಿ ಒಂದು ಕಲೆಯೂ ಉಳಿದಿಲ್ಲ, ತಾಯಿ ದೊಡ್ಡವಳು ಎಂದರು ಎಲ್ಲರೂ.

ಪಕ್ಕದ ಮನೆಗೆ ಬೀಗ ಹಾಕಿತ್ತು. ಮಗಳ ಹೆರಿಗೆಗೆ ಚಾಮರಾಜನಗರಕ್ಕೆ ಹೋದಳು ಎಂದರು ಶಾಲೆಯಲ್ಲಿ. ಹೆರಿಗೆಗೆ ಮಗಳು ಇಲ್ಲಿಗೆ ಬರಬೇಕಲ್ಲ, ಇವಳು ಅಲ್ಲಿಗೆ ಯಾಕೆ ಹೋದಳು? ಫೋನ್ ಮಾಡಿದೆ. “ಮೊಮ್ಮಗ ಹುಟ್ಟವ್ನೆ ಕಣಕ್ಕ. ಇಲ್ಲೇ ಇವ್ನಿ. ಆಮೇಕೆ ಮಾತಾಡ್ತೀನಿ,” ಎಂದಳು. ಆಮೇಲೆ ಮಾತಾಡಲಿಲ್ಲ. ಮತ್ತೆ ಮಾಡಿದಾಗಲೂ ಅಷ್ಟೇ. ಅಕ್ಕ ಉಮ್ಮತ್ತೂರಿಗೆ ಮರಳಿದಳು. ಮನೆಯ ಮಾಲೀಕರು ಪಕ್ಕದ ಮನೆ ತೋರಿಸಲು ಬೇರೆಯವರನ್ನು ಕರೆತಂದ ದಿನ ನನಗೆ ಅನ್ನ ಇಳಿಯಲಿಲ್ಲ.

ಮುಂದಿನ ರಕ್ತ ಪರೀಕ್ಷೆಗೆ ಚಾಮರಾಜನಗರಕ್ಕೆ ಹೋದಾಗ ಕಣಗಳೆಲ್ಲ ಸರಿಯಾಗಿದ್ದವು. ಕೀಲಿಗೆ ಬೇರೆ ಮಾತ್ರೆ ಕೊಟ್ಟು, “ಇನ್ನು ಯಾರ ಮನೆಗೆ ಬೇಕಾದ್ರೂ ಹೋಗಿ, ಎಲ್ಲರ ಜೊತೆ ಸೇರಿ,” ಎಂದಳು ಡಾಕ್ಟರ್. ಪೇಟೆಯಲ್ಲಿ ಮಗುವಿಗೆ ಒಂದು ಕುಲಾವಿ ಕೊಂಡು, ಕೇಳಿಕೊಂಡು ಕೇಳಿಕೊಂಡು ಅವಳ ಮಗಳ ಮನೆಗೆ ಹೋದೆ.

ಅವಳು ಬಾಗಿಲಿಗೆ ಬಂದಳು. ಕಣ್ಣು ಅರಳಿತು, ಮರುಕ್ಷಣವೇ ಹಿಂದಕ್ಕೆ ತಿರುಗಿ ಮನೆಯೊಳಗೆ ನೋಡಿದಳು. ಜಗಲಿಯ ಮೇಲೆ ಚಾಪೆ ಹಾಸಿದಳು, ಚೊಂಬಿನಲ್ಲಿ ನೀರು ತಂದಳು, ಪಕ್ಕದಲ್ಲಿ ಕೂತಳು. ‘ಯಾರು?’ ಎಂದು ಒಳಗಿನಿಂದ ಬೀಗಿತ್ತಿಯ ದನಿ ಬಂತು. “ಇಸ್ಕೂಲ್ ಕಡೆಯೋರು,” ಎಂದಳು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಆಗಿರಲಿಲ್ಲ, ಬಿಳಿಕಣ ಇಳಿದಿದ್ದವು, ಬೇವು ಕಟ್ಟಿದ್ದು ಅಕ್ಕ, ನನಗೇ ಗೊತ್ತಿರಲಿಲ್ಲ. ಅವಳು ಸೆರಗಿನ ಅಂಚನ್ನು ಮಡಿಸುತ್ತ ಕೇಳಿದಳು.

“ಅಮ್ಮ ಅಲ್ಲ ಅಂತ ನಂಗೊತ್ತಿತ್ತು ಕಣಕ್ಕ.”

“ಹೆಂಗೆ?”

“ಮದ್ಲು ನಾನೂ ನಂಬ್ದೆ. ಒಗ್ಗರಣೆ ಬುಟ್ಟೆ, ತಲೆ ಬಾಚ್ಲಿಲ್ಲ. ಒಂದಿನ ಹಿತ್ತಲಲ್ಲಿ ನಿಮ್ಮಕ್ಕುನ್ನ ಕೇಳ್ದೆ, ಎಂಗವ್ಳೆ ಅಂತ. ಅಮ್ಮ ಜೋರಾಗವ್ಳೆ, ಮಾತಾಡುಸ್ಬಾರ್ದು ಅಂದ್ರು. ಅಂಗ್ ಅಂತಿದ್ದಂಗೇ ಅವ್ರ ಹಿಂದ್ಗಡೆ ನಿಮ್ಮ ಒಲೆ ಮ್ಯಾಲೆ ಸಾಸಿವೆ ಸಿಡೀತಾ ಇತ್ತು. ಅಮ್ಮ ಇರೋ ಮನೇಲಿ ಯಾರಕ್ಕ ಒಗ್ಗರಣೆ ಆಕೋರು?”

ಅಕ್ಕ ಅಷ್ಟೆಲ್ಲ ಯೋಚಿಸಿದವಳು ಇದನ್ನು ಮರೆತಿದ್ದಳು. ಬೇಯಿಸಿದ ಬಿಸಿ ಊಟ ಎಂದು ಡಾಕ್ಟರ್ ಹೇಳಿದ್ದಳು. ಸಪ್ಪೆ ಸಾರು ತಂಗಿಯ ಗಂಟಲಿಗೆ ಇಳಿಯುವುದಿಲ್ಲ ಎಂದು ದಿನಾ ಘಮಘಮ ಒಗ್ಗರಣೆ ಹಾಕಿ ಉಣಿಸಿದ್ದಳು.

“ಬೇವು ಕಟ್ಟವ್ರೆ ಅಂತ ನಮ್ ಬೀಗ್ರಿಗೂ ಯಾರೋ ಏಳ್ಬುಟ್ರು,” ಎಂದು ಅವಳು ಮುಂದುವರಿಸಿದಳು. “ಅಂತಾ ಮನೆ ಪಕ್ಕುಕ್ಕೆ ಬಸ್ರಿ ಎಂಗ್ಸುನ್ನ ಕಳ್ಸಲ್ಲ ಅಂದ್ಬುಟ್ರು. ಸುಳ್ಳು ಕಣ್ರವ್ವ ಅಂತ ನಿಮ್ಮುನ್ನ ಬುಟ್ಕೊಡಕ್ಕೆ ಆಯ್ತದಾ? ಚೊಚ್ಚಲ ಬಾಣಂತನ ತಾಯಿ ಮನೇಲಿ ಆಗ್ಲಿಲ್ಲ.” ಸೆರಗಿನ ಮಡಿಕೆ ಬಿಚ್ಚಿ, “ಊರೋರ್ಗೆಲ್ಲ ಅಂಗಂದಿದ್ದು ಸರಿ ಕಣಕ್ಕ. ನಂಗೂನಾ?” ಎಂದಳು.

ನನಗೆ ಗೊತ್ತಿರಲಿಲ್ಲ ಎಂಬ ಮಾತನ್ನು ಆಗಲೇ ಹೇಳಿ ಮುಗಿಸಿದ್ದೆ. ಇನ್ನೊಮ್ಮೆ ಹೇಳಿದರೆ ಅದು ನೆಪದ ಹಾಗೆ ಕೇಳುತ್ತಿತ್ತು. “ನಾನೇ ಒಳೀಕ್ ಬಂದು ನಿಮ್ಮ ಬೀಗಿತ್ತಿಗೆ ಏಳ್ತೀನಿ,” ಎಂದೆ.

“ಬ್ಯಾಡ. ದ್ಯಾವ್ರ ಎಸ್ರಲ್ಲಿ ಸುಳ್ಳೇಳೋರು ಅಂದ್ರೆ ಇನ್ನೂ ಕೆಟ್ಟೋಯ್ತದೆ. ಇದು ನನ್ ಮನೆ ಅಲ್ಲ ಕಣಕ್ಕ.”

ಚೀಲದಿಂದ ಕುಲಾವಿ ತೆಗೆದೆ. “ಮಗೂನ ಒಂದ್ಸಲ ನೋಡ್ಲಾ? ಮುಟ್ಟಕ್ಕಿಲ್ಲ.”

“ಮನಗದೆ ಕಣಕ್ಕ. ಈಗ್ತಾನೆ ಮನಿಕತು.”

ಅವಳ ಮಾತು ಮುಗಿಯುವ ಮೊದಲೇ ಒಳಗೆ ಮಗು ಅತ್ತಿತು. ಗಟ್ಟಿ ಗಂಟಲು. ಅವಳು ನೆಲ ನೋಡಿದಳು, ನಾನು ಬೀದಿ ನೋಡಿದೆ.

“ಓಗು, ಅಳ್ತಾ ಅದೆ,” ಎಂದೆ. ಕುಲಾವಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಎದ್ದು ಒಳಗೆ ಹೋದಳು. ಅಳು ನಿಂತಿತು. ಲೊಚಗುಟ್ಟಿ ಮಗುವನ್ನು ಮಾತಾಡಿಸುವ ಅವಳ ದನಿ ಕೇಳಿತು. ಚೊಂಬಿನ ನೀರು ಕುಡಿದು ಮುಗಿಸುವವರೆಗೂ ಕೂತೆ. ಅವಳು ಮತ್ತೆ ಹೊರಗೆ ಬರಲಿಲ್ಲ.

“ಬತ್ತೀನಿ ಕಣವ್ವ,” ಎಂದು ಕೂಗಿದೆ.

“ಉಂ ಕಣಕ್ಕ, ಉಷಾರು,” ಎಂದಿತು ದನಿ, ಒಳಗಿನಿಂದ.

ಒಳಗೆ ಕರೆಯುತ್ತಾಳೆ ಎಂದು ಬಂದ ತಕ್ಷಣ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟಿದ್ದೆ. ಬಗ್ಗಿ ಅದನ್ನು ಮೆಟ್ಟಿಕೊಂಡೆ.